ಅಪ್‌ಡೇಟ್: ಬದಿಯಡ್ಕದ ಲ್ಯಾಪ್‌ಟಾಪಿನಲ್ಲಿ ವೈಫೈ ಬಂತು
ಡೆಬಿಯನ್ 11 (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಕಾಣಿಸುತ್ತಿಲ್ಲವೆಂದು ಕಳೆದ ವಾರ ಕಾಸರಗೋಡಿನ ಬದಿಯಡ್ಕದಿಂದ ಇಲ್ಲಿ ಕೇಳಿದ್ದೆ. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದದ್ದು ನನ್ನ ತಪ್ಪು. ಒಬ್ಬರು ತಾಳ್ಮೆಯಿಂದ ‘ಎಲ್‌ಎಸ್‌ಪಿಸಿಐ’ (ಕಂಪ್ಯೂಟರಿನೊಳಗಿನ ಕಾರ್ಡುಗಳನ್ನು ಪಟ್ಟಿ ಮಾಡುವ) ಕಮಾಂಡಿನ ಫಲಿತಾಂಶ ಕೇಳಿದ ಮೇಲೆಯೇ ಅದು ಇಂಟೆಲ್ ಕಾರ್ಡ್ ಎಂದೂ, ಅದಕ್ಕೆ ಬೇಕಾದ, ಮುಕ್ತವಲ್ಲದ ಫರ್ಮ್‌ವೇರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಆ ಆವೃತ್ತಿಯ ಅಧಿಕೃತ ಇನ್‌ಸ್ಟಾಲರಿನಲ್ಲಿ ಇರಲಿಲ್ಲವೆಂದೂ ತಿಳಿಯಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದನ್ನು ಸೇರಿಸಿರುವುದರಿಂದ, ಹೊಸದಾಗಿ ಹಾಕುವಾಗಲೇ ಪರದೆಯ ಮೇಲೆ ನಮ್ಮ ಮನೆಯ ರೂಟರಿನ ಹೆಸರು ಕಾಣಿಸಿತು.

ನನ್ನ ಪ್ರಶ್ನೆಗೆ ಉತ್ತರವಾಗಿ ತಮ್ಮ ಮೆಚ್ಚಿನ ಡಿಸ್ಟ್ರೋ (ಡೆಬಿಯನ್‌ನಂಥ ಲಿನಕ್ಸ್ ರೂಪ) ಹಾಕಿರೆಂದವರ ಪ್ರೀತಿ ಅರ್ಥವಾಗುತ್ತದೆ, ಆದರೆ ಕೇಳಿದವರ ಸಮಸ್ಯೆ ಬಗೆಹರಿಯುವ ಮೊದಲೇ ಮಾಡುವ ಪ್ರಚಾರ ಹೊಸಬರನ್ನು ದೂರ ಮಾಡುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಶಾಲೆಯಲ್ಲಿ ಕೈಟ್‌ನವರ (ಕೇರಳ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ) ಲಿನಕ್ಸ್ ಬಳಸುವ ಮಗಳು ಈಗ ಇದರಲ್ಲೇ ಕನ್ನಡ ಟೈಪ್ ಮಾಡುತ್ತಿದ್ದಾಳೆ; ಸಹಾಯ ಮಾಡಿದವರಿಗೆ ಹೃತ್ಪೂರ್ವಕ ಧನ್ಯವಾದಗಳು.