ಬಾವಿ ನೀರು ಹಳದಿ ಆಗಿದೆ, ಎಲ್ರೂ ಓದಿ

ಸವಿತಾ (ಕೊನೆ ಮನೆ): ರಾತ್ರಿ ಆ ಮಳೆಯಲ್ಲಿ ಲೋಹಕ್ಕೆ ಲೇಪ ಹಾಕೋ ಪ್ಲೇಟಿಂಗ್ ಶೆಡ್ಡಿನವ್ರು ಮತ್ತೆ ತೊಟ್ಟಿ ಖಾಲಿ ಮಾಡಿ ಗಟಾರಕ್ಕೆ ಬಿಟ್ಟಿದ್ದಾರೆ. ಬೆಳಿಗ್ಗೆ ಕೊಡಪಾನ ಎತ್ತಿದ್ರೆ ನೀರು ನಿಂಬೆಹಣ್ಣಿನ ಬಣ್ಣ, ಫೋಟೋ ನೋಡಿ. ಮಕ್ಕಳಿಗೆ ಎಂತ ಕುಡ್ಸೋದು? ಹೋದ್ಸಲನೂ ಇಲ್ಲೇ ಬೊಬ್ಬೆ ಹೊಡ್ದು ಸುಮ್ನಾದ್ರಿ!

ಗಣಪತಿ: ಶೆಡ್ಡಿಗೆ ಜಾಗ ಕೊಟ್ಟವ್ರು ಮೊದ್ಲು ಉತ್ತರ ಕೊಡ್ಲಿ. ಇದೇ ಗುಂಪಲ್ಲಿದ್ದಾರೆ.

ರತ್ನಾಕರ: ಹೆಸ್ರು ಹೇಳೋಕೆ ಎಂತ ಹೆದ್ರಿಕೆ ಗಣಪತಣ್ಣ? ನಾನು ಕೊಟ್ಟಿದ್ದು ಗೋಡೌನ್ ಅಂತ. ನೀವು ಕಂಪೌಂಡ್ ಕಟ್ಟಿ ಗಟಾರ ಅರ್ಧ ಮುಚ್ಚಿದ್ಮೇಲೇ ನೀರು ಬಾವಿ ಕಡೆ ತಿರುಗಿದ್ದು.

ಪ್ರೇಮಾ: ಚಿರೆಕಲ್ಲಿನ ಬಣ್ಣ ಇರ್ಬೋದಲ್ವಾ, ಕುದ್ಸಿ ಕುಡಿದ್ರಾಯ್ತು

ಮಾಸ್ತರು: ಬೇಡ ಪ್ರೇಮಾ, ಕುದಿಸ್ಬೇಡ. ಚಿರೆಕಲ್ಲಿನ ಕಬ್ಬಿಣ ಆದ್ರೆ ಪಾತ್ರೆ ತಳದಲ್ಲಿ ಕೆಂಪಗೆ ಕೂರ್ತದೆ, ಇದು ತಿಳಿಯಾಗೇ ಹಳದಿ, ನನಗೆ ಸಂಶಯ ಆರು ವೇಲೆನ್ಸಿ ಕ್ರೋಮಿಯಂ ಮೇಲೆ, ಅಂದ್ರೆ ಪ್ಲೇಟಿಂಗಲ್ಲಿ ಬಳಸೋ ಕ್ರೋಮಿಯಂ ಲೋಹದ ವಿಷದ ರೂಪ. ಕುದ್ಸಿದ್ರೆ ನೀರು ಆವಿಯಾಗಿ ಹೋಗಿ ವಿಷ ಇನ್ನೂ ಗಟ್ಟಿ ಆಗ್ತದೆ. ಕುಡಿಯೋ ನೀರಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರ್ದು, ಕಣ್ಣಿಗೆ ಬಣ್ಣ ಕಾಣೋ ಹೊತ್ತಿಗೆ ಅದರ ಎಷ್ಟೋ ಪಟ್ಟು ಇರ್ತದೆ. ಗಟಾರ ಸೇರೋದು ಕಾಳಿ ಹೊಳೆಗೆ, ನಾವು ತಿನ್ನೋ ಬಳಚು (ಚಿಪ್ಪಿಕಲ್ಲು) ಅಲ್ಲೇ ಬೆಳೆಯೋದು.

ಉಪಾಯ ಇಲ್ದೇ ಇಲ್ಲ. ಶೆಡ್ಡಿನ ತೊಟ್ಟಿಯಲ್ಲಿ ಕಬ್ಬಿಣದ ಪ್ಲೇಟ್ ಇಳಿಬಿಟ್ಟು ಡಿಸಿ (ಒಂದೇ ದಿಕ್ಕಿಗೆ ಹರಿಯೋ) ಕರೆಂಟ್ ಕೊಟ್ರೆ ಪ್ಲಸ್ ಕಡೆ ಕಬ್ಬಿಣ ಕರಗಿ ಆರು ವೇಲೆನ್ಸಿ ಕ್ರೋಮಿಯಮ್ಮನ್ನ ವಿಷ ಕಮ್ಮಿ ಇರೋ ಮೂರು ವೇಲೆನ್ಸಿಗೆ ಇಳಿಸ್ತದೆ, ಅದು ಕೆಸರಾಗಿ ಕೂರ್ತದೆ. ನಿಕ್ಕಲ್, ತಾಮ್ರ ಆದ್ರೆ ಮೈನಸ್ ಪ್ಲೇಟಿಗೇ ಹಿಡಿಸಿ ವಾಪಸ್ ತೆಗೀಬಹುದು. ಪ್ಲೇಟಿಂಗ್ ಮಾಡೋರಿಗೆ ಇದೆಲ್ಲ ಹೊಸದಲ್ಲ, ಡಿಸಿ ಕರೆಂಟ್ ಮಾಡೋ ರೆಕ್ಟಿಫೈಯರ್ ಅವ್ರ ಹತ್ರನೇ ಇರ್ತದೆ. ಕೆಸರು ಮಾತ್ರ ಅಪಾಯಕಾರಿ ತ್ಯಾಜ್ಯ, ಅದನ್ನ ಗಟಾರಕ್ಕೆ ಸುರಿದ್ರೆ ಮಾಡಿದ್ದೆಲ್ಲ ದಂಡ.

ಗಣಪತಿ: ಮಾಸ್ತರೇ ಪಾಠ ಆಮೇಲೆ. ನನ್ನ ಕಂಪೌಂಡ್ ಸರ್ವೆ ಪ್ರಕಾರನೇ ಇದೆ, ಕಾಗದ ಇದೆ.

ಗಣಪತಿ: ಬೇಕಾದ್ರೆ ಈಗ್ಲೇ ಟೇಪ್ ಹಿಡೀರಿ ಬನ್ನಿ!!

ವಿನಾಯಕ: ಫಾರ್ವರ್ಡ್ ಬಂದದ್ದು 🙏 ತಾಮ್ರದ ಚೊಂಬಲ್ಲಿ ತುಳಸಿ ಹಾಕಿಟ್ರೆ ನೀರಿನ ಎಲ್ಲಾ ವಿಷ ಮಾಯ, 10 ಜನಕ್ಕೆ ಕಳ್ಸಿ

ಸವಿತಾ: ವಿನಾಯಕ ದಯವಿಟ್ಟು ಇಂಥದ್ದು ಹಾಕ್ಬೇಡ, ಯಾರಾದ್ರೂ ನಂಬಿ ಕುಡೀತಾರೆ.

ಮಾಸ್ತರು: ಸವಿತಾ, ತೊಳೆದ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬ್ಸು, ಮೀನಿನ ಥರ್ಮಾಕೋಲ್ ಬಾಕ್ಸಲ್ಲಿ ಐಸ್ ಹಾಕಿಡು. ಈ ಕ್ರೋಮಿಯಂ ಪರೀಕ್ಷೆಗೆ 24 ಗಂಟೆ ಒಳಗೆ ಲ್ಯಾಬಿಗೆ ಮುಟ್ಟಬೇಕು. ಜೊತೆಗೆ ಮಾಲಿನ್ಯ ಮಂಡಳಿಗೆ ಅರ್ಜಿ, ಎಲ್ರ ಸಹಿ ಬೇಕು.

ರತ್ನಾಕರ: ಸಹಿ ಹಾಕ್ತೇನೆ, ಗಣಪತಣ್ಣನೂ ಹಾಕ್ಲಿ.

ಗಣಪತಿ: ಗಟಾರದ ವಿಷ್ಯ ಮುಗೀಲಿ ಮೊದ್ಲು. ಜೇಸಿಬಿಯವ್ನಿಗೆ ಫೋನ್ ಮಾಡಿದ್ದೇನೆ, ಮನೆಗೆ 500 ತೆಗೀರಿ.

ಪ್ರೇಮಾ: ಜೇಸಿಬಿ ಬರೋದಾದ್ರೆ ನಮ್ಮ ಗೇಟಿನ ಎದ್ರಿಗಿನ ಹೊಂಡನೂ ಮುಚ್ಚಿಸ್ಬಹುದಾ?

ವಿನಾಯಕ: ನಮ್ದೂ 👍

ಸವಿತಾ: ಬಾಟಲಿ ತುಂಬಿ ಐಸಲ್ಲಿಟ್ಟಿದ್ದೇನೆ. ಲ್ಯಾಬಿಗೆ ಯಾರು ಬರ್ತೀರಿ?

ಗಣಪತಿ: ನಾಳೆ 8ಕ್ಕೆ ಜೇಸಿಬಿ. ರಸ್ತೆ ಮೇಲೆ ನಿಲ್ಸಿದ ಗಾಡಿ ಎಲ್ಲ ತೆಗೀರಿ.