ಜೊಲ್ಲೇ ಹಲ್ಲು ಕಾಯುವುದಾದರೆ ಪೇಸ್ಟಿನಲ್ಲಿ ಫ್ಲೋರೈಡ್ ಯಾಕೆ?

ಕೆರೆದಂಡೆ: ಜೊಲ್ಲಿನಲ್ಲಿ ಮ್ಯೂಸಿನ್ ಅನ್ನೋ ಪ್ರೋಟೀನ್ ಇದೆಯಂತೆ. ಹುಳುಕು ತರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುವುದಿಲ್ಲ, ಹಲ್ಲಿಗೆ ಅಂಟದಂತೆ ತಡೆಯುತ್ತದೆ. ಪೇಸ್ಟಿಗೆ ಇದನ್ನೇ ಹಾಕಬಹುದು ಅಲ್ವಾ? ಫ್ಲೋರೈಡ್ ಯಾಕೆ ಬೇಕು?

ಹಲ್ಲಿನ ಡಾಕ್ಟರ್: ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಎರಡು ನಿಮಿಷ ಉಜ್ಜಿ ಉಗುಳುವ ಪೇಸ್ಟ್ ಅದಕ್ಕೆ ಸಾಟಿಯಲ್ಲ. ಮ್ಯೂಸಿನ್ ಒಂದೇ ಅಲ್ಲ, ಸ್ಟಾಥೆರಿನ್ ಕೂಡ ಇದೆ. ಬರೀ 43 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಹರಳುಗಟ್ಟಿ ಹೋಗದಂತೆ ಹಿಡಿದಿಡುತ್ತದೆ. ಸವೆದ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ತುಂಬುವುದು ಅದೇ ಖನಿಜದಿಂದ. ಫ್ಲೋರೈಡ್ ಆ ಕೆಲಸಕ್ಕೆ ಕೈ ಜೋಡಿಸುತ್ತದೆ.

ರಾಗಿಮುದ್ದೆ: ನಮ್ಮಜ್ಜಿ ಪೇಸ್ಟ್ ಮುಟ್ಟಿದವರಲ್ಲ. ಬೇವಿನ ಕಡ್ಡಿ ಅಷ್ಟೇ. 80ರಲ್ಲೂ ಕಬ್ಬು ಸಿಗಿದು ತಿನ್ನುತ್ತಿದ್ದರು.

ಹಲ್ಲಿನ ಡಾಕ್ಟರ್: ಅಜ್ಜಿ ಊಟದ ನಡುವೆ ಎಷ್ಟು ಸಲ ಬಿಸ್ಕತ್ತು ತಿನ್ನುತ್ತಿದ್ದರು? ಸಿಹಿ ತಿಂದ ಕೆಲವೇ ನಿಮಿಷಕ್ಕೆ ಹಲ್ಲಿನ ಮೇಲೆ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 5.5ಕ್ಕಿಂತ ಕೆಳಗೆ ಇಳಿಯಬಹುದು. ಎನಾಮೆಲ್ ಕರಗುವುದು ಆಗಲೇ. ಜೊಲ್ಲು ಅದನ್ನು ಸರಿಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಾಯಿಗೆ ಬಿದ್ದರೆ ಬಿಡುವೆಲ್ಲಿ?

ಹೊಸಮನೆ: ನನ್ನ ಅಪ್ಪನಿಗೆ ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟರು. ಜೊಲ್ಲು ಬತ್ತಿಹೋಯಿತು. ಚಪಾತಿ ನಾಲಿಗೆಗೆ ಅಂಟಿಕೊಳ್ಳುತ್ತಿತ್ತು, ತುತ್ತಿಗೊಂದು ಗುಟುಕು ನೀರು ಬೇಕು. ದಿನಾ ಎರಡು ಸಲ ಉಜ್ಜುತ್ತಿದ್ದರು. ಆದರೂ ವರ್ಷದೊಳಗೆ ಒಸಡಿನ ಅಂಚಿನಲ್ಲಿ ಕಂದು ಗೆರೆ ಬಿದ್ದು, ಮುಂದಿನ ಹಲ್ಲುಗಳು ಬುಡದಲ್ಲೇ ಮುರಿದವು. ಹೀಗಾಗಬಹುದು ಅಂತ ನಮಗೆ ಯಾರೂ ಮೊದಲೇ ಹೇಳಲಿಲ್ಲ. ಆ ಸಂಕಟ ಇನ್ನೂ ಇದೆ. ಪ್ರೋಟೀನ್ ಪೇಸ್ಟ್ ಬರುವುದಾದರೆ ಮೊದಲು ಇಂಥವರಿಗೆ ಬರಲಿ.

ಹಲ್ಲಿನ ಡಾಕ್ಟರ್: ನೀವು ಹೇಳಿದ್ದು ನಿಜ. ರೇಡಿಯೇಷನ್‌ಗೆ ಮುಂಚೆಯೇ ಹಲ್ಲು ತೋರಿಸಬೇಕು, ಆಮೇಲೆ ಜಾಸ್ತಿ ಫ್ಲೋರೈಡ್ ಕೊಡಬೇಕು. ಹಂದಿಯ ಹೊಟ್ಟೆಯ ಮ್ಯೂಸಿನ್ ಹಾಕಿದ ಕೃತಕ ಜೊಲ್ಲು ಈಗಾಗಲೇ ಇದೆ. ಸ್ವಲ್ಪ ಹೊತ್ತು ಬಾಯಿ ಹಸಿಯಾಗಿರುತ್ತದೆ, ಅಷ್ಟೇ.

ಕೆರೆದಂಡೆ: ನನ್ನ ಪ್ರಶ್ನೆ ಸುಮ್ನೆ ಅಲ್ಲ. ಎರಡು ವರ್ಷದ ಮಗಳು ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾಳೆ.

ಹಲ್ಲಿನ ಡಾಕ್ಟರ್: ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ಹಾಲು ಹಲ್ಲಿನ ಮೇಲೆ ಹಾಗೇ ನಿಲ್ಲುತ್ತದೆ. ಇವತ್ತಿನಿಂದ ಬಾಟಲಿಯಲ್ಲಿ ಬರೀ ನೀರು ಕೊಡಿ. ಮೇಲ್ತುಟಿ ಎತ್ತಿ ನೋಡಿ. ಒಸಡಿನ ಪಕ್ಕ ಸುಣ್ಣದಂಥ ಬಿಳಿ ಗೆರೆ ಇದ್ದರೆ ಈ ವಾರವೇ ತೋರಿಸಿ, ಆ ಹಂತದಲ್ಲಿ ಇನ್ನೂ ತಡೆಯಬಹುದು.