ಅಪ್‌ಡೇಟ್: ಕೇಬಲ್, ಇಂಟರ್‌ನೆಟ್, ಮೊಬೈಲ್ ಕೊನೆಗೂ ಇತ್ಯರ್ಥ

ಮೈಸೂರಿನ ನಮ್ಮ ಮನೆಗೆ ಕೇಬಲ್, ಇಂಟರ್‌ನೆಟ್, ಮೊಬೈಲ್ ಮೂರನ್ನೂ ಒಂದೇ ಕಂಪನಿಯಿಂದ ಪಡೆಯುವುದು ಲಾಭವೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ. ಲೆಕ್ಕ ಹಾಕಿ ನೋಡಿ, ಬೇರೆ ಬೇರೆಯಾಗಿಯೇ ಇಟ್ಟುಕೊಂಡೆ.

ಇಂಟರ್‌ನೆಟ್‌ಗೆ ಜಾಹೀರಾತಿನ 499 ರೂಪಾಯಿಗೆ ಶೇ 18 ಜಿಎಸ್‌ಟಿ ಸೇರಿದರೆ ಹತ್ತಿರ ಹತ್ತಿರ 589. ಮೋಡೆಮ್ ಉಚಿತ ಎಂದವರು ಆರು ತಿಂಗಳ ಹಣವನ್ನು ಮುಂಗಡ ಕೇಳಿದರು! ಕೊನೆಗೆ ನಮ್ಮ ಬೀದಿಯ ಕೇಬಲ್‌ನವರೇ ಫೈಬರ್ ಎಳೆದುಕೊಟ್ಟರು. ಕಿಟಕಿಯ ಪಕ್ಕ ತೂತು ಕೊರೆದಾಗ ಉದುರಿದ ಗಾರೆಯನ್ನೂ ತಾವೇ ಗುಡಿಸಿ ಹೋದರು; ಇಷ್ಟಕ್ಕೇ ಅವರಿಗೆ ಪೂರ್ತಿ ಅಂಕ.

ಟಿವಿಯಲ್ಲಿ ಅಮ್ಮ ನೋಡುವುದು ಬೆರಳೆಣಿಕೆಯ ಕನ್ನಡ ವಾಹಿನಿಗಳನ್ನು. ಇನ್ನೂರು ಚಿಲ್ಲರೆ ವಾಹಿನಿಗಳ ಪ್ಯಾಕ್ ತೆಗೆಸಿ ಬೇಕಾದವನ್ನು ಬಿಡಿಯಾಗಿ ಆರಿಸಿದೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ಜಾರಿಯಾದಾಗಿನಿಂದ ಈ ಅವಕಾಶ ಇದೆ, ನಾವಾಗಿ ಕೇಳದೆ ಯಾರೂ ಬಾಯಿ ಬಿಡುವುದಿಲ್ಲ.

ಮೊಬೈಲ್ ಸಂಖ್ಯೆ ಬದಲಿಸದೆ ಕಂಪನಿ ಬದಲಿಸಲು 1900ಕ್ಕೆ ಪೋರ್ಟ್ ಸಂದೇಶ ಕಳುಹಿಸಿದ್ದೇ ತಡ, ಹಳೆಯ ಕಂಪನಿಯಿಂದ ರಿಯಾಯಿತಿಯ ಕರೆಗಳ ಸುರಿಮಳೆ. ‘ಇಷ್ಟು ದಿನ ಎಲ್ಲಿದ್ದಿರಿ?’ ಎಂದು ಕೇಳಿದರೆ ಆ ಹುಡುಗಿ ನಕ್ಕುಬಿಟ್ಟಳು.

ಉಳಿದಿರುವ ದೂರು ಅಮ್ಮನದು. ಅಡುಗೆ ಕಾರ್ಯಕ್ರಮದ ವಾಹಿನಿಯನ್ನು ಬಿಟ್ಟುಬಿಟ್ಟೆನಂತೆ. ನಾಳೆ ಸೇರಿಸಬೇಕು.